ಕಾರಿನ ಸರ್ವಿಸಿಗೆ ಮುಂಗಡ ಹಣ ಕೊಡುವ ಮುನ್ನ

‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಗಾದೆ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಹಾಲಿನವಳಿಗೆ ತಿಂಗಳ ಕೊನೆಗೆ ಹಣ ಕೊಡುತ್ತೇವೆ; ಹಾಲು ನೀರಾದರೆ ಮರುದಿನವೇ ಕೇಳುತ್ತೇವೆ. ಕಿರಾಣಿ ಅಂಗಡಿಯ ಬೇಳೆಯಲ್ಲಿ ಹುಳ ಕಂಡರೆ ತಿರುಗಿಸಿ ಕಳಿಸುತ್ತೇವೆ. ಹಣ ನಮ್ಮ ಕೈಯಲ್ಲಿ ಇರುವವರೆಗೆ ಮಾತೂ ನಮ್ಮದೇ. ಆದರೆ ಇನ್ನೂ ಆಗದ ಕೆಲಸಕ್ಕೆ, ಮೂರು-ನಾಲ್ಕು ವರ್ಷದ ಮೇಲೆ ಆಗಬೇಕಾದ ಕೆಲಸಕ್ಕೆ ಇವತ್ತೇ ಇಡಿಗಂಟು ಎಣಿಸಿ ಕೊಟ್ಟರೆ ಆಮೇಲೆ ಮಾತು ಯಾರದು? ಹೊಸ ಕಾರು ಕೊಳ್ಳುವ ಮನೆಯವರೆಲ್ಲ ಈ ಪ್ರಶ್ನೆ ಕೇಳಿಕೊಳ್ಳಬೇಕು. ಯಾಕೆಂದರೆ ಈಗ ಕಾರಿನ ಜೊತೆಗೆ ‘ಮುಂಗಡ ಸರ್ವಿಸ್ ಯೋಜನೆ’ ಅಂತ ಇನ್ನೊಂದು ಸರಕನ್ನೂ ಮಾರುತ್ತಾರೆ.

“ಕಾರಿನ ವಿಷಯ ಗಂಡಸರದು, ನಮಗ್ಯಾಕ್ರಿ?” ಅಂತ ಕೆಲವು ಸೋದರಿಯರು ಅನ್ನಬಹುದು. ಕಾರು ಓಡಿಸುವವರು ಅವರಿರಬಹುದು. ಈಗೀಗ ನಮ್ಮ ಹೆಣ್ಣುಮಕ್ಕಳೂ ಓಡಿಸುತ್ತಾರೆ, ಅದು ಬೇರೆ ಮಾತು. ಆದರೆ ಕಾಗದ ಪತ್ರ ತಿಜೋರಿಯಲ್ಲಿ ಜೋಪಾನವಾಗಿ ಇಡುವವರು ಯಾರು? ಬ್ಯಾಂಕಿನ ಕಂತಿಗೆ ಹಣ ಹೊಂದಿಸುವವರು ಯಾರು? ಮಧ್ಯಾಹ್ನ ರೊಟ್ಟಿ ಬಡಿಯುವಾಗ “ಮೇಡಂ, ನಿಮ್ಮ ಗಾಡಿ ಸರ್ವಿಸಿಗೆ ಬಂದಿದೆ” ಎಂಬ ಫೋನು ಎತ್ತುವವರು ಯಾರು? ನಾವೇ ಅಲ್ಲವೇ? ಹಾಗಾದರೆ ಕಾಗದದಲ್ಲಿ ಏನು ಬರೆದಿದೆ ಅನ್ನುವುದೂ ನಮಗೆ ಗೊತ್ತಿರಬೇಕು.

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕಾರು ಈಗ ಬರೀ ಶ್ರೀಮಂತರ ಸೊತ್ತಲ್ಲ. ಕಬ್ಬಿನ ಬಿಲ್ಲು ಬಂದಾಗ ಒಬ್ಬರು ಕೊಳ್ಳುತ್ತಾರೆ. ಮಗ್ಗದ ಸೀರೆಗೆ ಒಳ್ಳೆ ಗಿರಾಕಿ ಆದಾಗ ಇನ್ನೊಬ್ಬರು ಕೊಳ್ಳುತ್ತಾರೆ. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟು ಪರಿಹಾರದ ಹಣದಲ್ಲಿ ಕೊಂಡವರೂ ಇದ್ದಾರೆ. ಅಂಥ ಹಣದ ಒಂದೊಂದು ರೂಪಾಯಿಗೂ ಬೆಲೆಯಿದೆ. ಅದು ಎಲ್ಲಿ ಹೋಗುತ್ತದೆ ಅಂತ ನೋಡಿಕೊಳ್ಳುವುದು ಜಿಪುಣತನ ಅಲ್ಲ, ಜಾಣತನ.

ಮಾರುವ ಹೊತ್ತು

ಕಾರು ಮನೆಗೆ ತರುವ ದಿನ ನೆನೆಸಿಕೊಳ್ಳಿ. ಗಾಡಿಗೆ ಹೂಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು, ಮನೆಮಂದಿಯೆಲ್ಲ ನಿಂತು ಫೋಟೋ, ಮಕ್ಕಳ ಗದ್ದಲ. ಆ ಸಂಭ್ರಮದಲ್ಲೇ ಷೋರೂಮಿನ ಹುಡುಗ ಒಂದು ಕಟ್ಟು ಕಾಗದ ಮುಂದಿಟ್ಟು, “ಇಲ್ಲಿ, ಇಲ್ಲಿ, ಇಲ್ಲಿ ಸಹಿ ಮಾಡ್ರಿ” ಅನ್ನುತ್ತಾನೆ. “ಇದೇನಪಾ?” ಅಂದರೆ, “ಸರ್ವಿಸ್ ಪ್ಯಾಕೇಜ್ ರೀ ಅಕ್ಕಾ, ಈಗ ಕಟ್ಟಿದರ ನಾಕು ವರ್ಷ ಚಿಂತಿ ಇಲ್ಲ” ಅನ್ನುತ್ತಾನೆ. ಹುಡುಗನದೇನೂ ತಪ್ಪಿಲ್ಲ, ಅವನಿಗೆ ಮಾರುವ ಕೆಲಸ. ಆದರೆ ಒಂದು ಮಾತು ಮರೆಯಬೇಡಿ: ಮಾರುವವನು ಬೇರೆ, ನಾಲ್ಕು ವರ್ಷ ಸರ್ವಿಸ್ ಮಾಡುವವನು ಬೇರೆ. ಮಾರಿದವನ ಬಾಯಿಮಾತು ಸರ್ವಿಸ್ ಮಾಡುವವನ ಮುಂದೆ ನಡೆಯುವುದಿಲ್ಲ. ಅಲ್ಲಿ ನಡೆಯುವುದು ಕಾಗದ ಮಾತ್ರ. ಆ ಕಾಗದ ಬಹುತೇಕ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಈ ಯೋಜನೆಗಳು ಎಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಕಂಪನಿಗಳೇ ಇವನ್ನು ಮಾರುತ್ತವೆ. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾದವರದು ‘ಸ್ಮೈಲ್ಸ್ ಪ್ಲಸ್’, ಹುಂಡೈನವರದು ‘ಶೀಲ್ಡ್ ಆಫ್ ಟ್ರಸ್ಟ್’, ಕಿಯಾದವರದು ‘ಮೈ ಕನ್ವೀನಿಯನ್ಸ್’. ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು, ಒಂದೊಂದರ ಕರಾರೂ ಬೇರೆ. ಲಾಭವೂ ಉಂಟು. ಮುಂದೆ ಎಣ್ಣೆಯ ದರ, ಕೂಲಿಯ ದರ ಏರಿದರೂ ನಮಗೆ ತಟ್ಟುವುದಿಲ್ಲ. ಸರ್ವಿಸ್ ತಪ್ಪದೆ ಆಗುತ್ತದೆ. ಆದರೆ ಲಾಭದ ಮಾತು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಕಟ್ಟುಪಾಡಿನ ಮಾತು ಸಣ್ಣ ಅಕ್ಷರದಲ್ಲಿ. ಸಣ್ಣ ಅಕ್ಷರದ ಮಾತನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

ಒಂದೇ ಚೀಲ, ಐದು ಕಾಗದ

ಮೊದಲು ಯಾವ ಕಾಗದ ಯಾವುದಕ್ಕೆ ಅನ್ನುವುದು ತಿಳಿಯಬೇಕು. ಇಲ್ಲದಿದ್ದರೆ ಸಕ್ಕರೆ ಡಬ್ಬಿಯಲ್ಲಿ ಉಪ್ಪು ಹುಡುಕಿದಂತೆ ಆಗುತ್ತದೆ.

ಮೊದಲನೆಯದು ಉಚಿತ ಸರ್ವಿಸ್. ಇದು ಕಾರಿನ ಜೊತೆಗೇ ಬರುತ್ತದೆ, ಅನೇಕ ಕಾರುಗಳಿಗೆ ಮೊದಲ ಮೂರು ಸಲ. ಆದರೆ ಉಚಿತ ಅಂದರೆ ಕೂಲಿ ಮಾತ್ರ ಉಚಿತ. ಎಣ್ಣೆ, ಫಿಲ್ಟರು ಹಾಕಿದರೆ ಅದರ ಹಣ ನಮ್ಮದೇ.

ಎರಡನೆಯದು ವಾರಂಟಿ. ತಯಾರಿಕೆಯಲ್ಲೇ ದೋಷವಿದ್ದು ಭಾಗ ಕೆಟ್ಟರೆ ಕಂಪನಿ ಸರಿಮಾಡಿ ಕೊಡುತ್ತದೆ. ಹೆಚ್ಚಿನ ಹಣ ಕೊಟ್ಟರೆ ಇದನ್ನೇ ಒಂದೆರಡು ವರ್ಷ ಮುಂದುವರಿಸುತ್ತಾರೆ. ಸವೆದು ಹೋಗುವ ಭಾಗಕ್ಕೆ ಇದು ಬರುವುದಿಲ್ಲ.

ಮೂರನೆಯದೇ ನಮ್ಮ ಮುಂಗಡ ಸರ್ವಿಸ್ ಯೋಜನೆ. ಹೊತ್ತುಹೊತ್ತಿಗೆ ಮಾಡಬೇಕಾದ ಎಣ್ಣೆ ಬದಲಾವಣೆ, ಫಿಲ್ಟರು, ಕೂಲಿ, ಇಷ್ಟಕ್ಕೆ. ಗಾಡಿ ಕೆಟ್ಟು ನಿಂತರೆ ಇದರಲ್ಲಿ ರಿಪೇರಿ ಇಲ್ಲ.

ನಾಲ್ಕನೆಯದು ದಾರಿ ಸಹಾಯ. ನಡುದಾರಿಯಲ್ಲಿ ನಿಂತರೆ ಬಂದು ಎಳೆದುಕೊಂಡು ಹೋಗುವುದಕ್ಕೆ. ಐದನೆಯದು ವಿಮೆ. ಅಪಘಾತ, ಕಳವು, ನೆರೆ ಇವಕ್ಕೆಲ್ಲ ವಿಮೆಯೇ ಗತಿ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿ ನಮ್ಮ ಜಿಲ್ಲೆಯ ಊರೂರಿಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ನೀರು ಹೊಕ್ಕ ಕಾರಿಗೆ ವಾರಂಟಿ ಕೆಲಸಕ್ಕೆ ಬರುವುದಿಲ್ಲ, ಮುಂಗಡ ಸರ್ವಿಸ್ ಯೋಜನೆಯೂ ಬರುವುದಿಲ್ಲ. ವಿಮೆ ಇದ್ದರೂ, ನೀರು ಎಳೆದುಕೊಂಡು ಎಂಜಿನ್ ಹಾಳಾದರೆ ‘ಎಂಜಿನ್ ರಕ್ಷಣೆ’ ಎಂಬ ಕರಾರನ್ನು ಬೇರೆ ಹಣ ಕೊಟ್ಟು ಸೇರಿಸಿಕೊಂಡಿರಬೇಕು. ಹೊಳೆ ದಂಡೆಯ ಊರಿನವರು ಮುಂಗಡ ಸರ್ವಿಸಿಗೆ ಹಣ ಹಾಕುವ ಮೊದಲು ಇದನ್ನು ನೋಡಿಕೊಂಡರೆ ಒಳ್ಳೆಯದು.

‘ಯಾವುದು ಮೊದಲೋ ಅದು’

ಕಾಗದದಲ್ಲಿ ‘4 ವರ್ಷ ಅಥವಾ 40,000 ಕಿ.ಮೀ.’ ಅಂತ ಇರುತ್ತದೆ. ಅದರ ಪಕ್ಕದಲ್ಲೇ ಸಣ್ಣಗೆ ‘ಯಾವುದು ಮೊದಲೋ ಅದು’ ಅಂತಲೂ ಇರುತ್ತದೆ. ಈ ಮೂರು ಶಬ್ದದಲ್ಲೇ ಅರ್ಧ ಕಥೆ ಅಡಗಿದೆ.

ಮುಧೋಳದ ಒಬ್ಬ ಶಿಕ್ಷಕಿಯನ್ನು ಬಲ್ಲೆ. ಅವರ ಕಾರು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ, ಬೇಸಿಗೆಯಲ್ಲಿ ತವರಿಗೆ. ವರ್ಷಕ್ಕೆ 3,500 ಕಿ.ಮೀ. ದಾಟುವುದಿಲ್ಲ. ನಾಲ್ಕು ವರ್ಷಕ್ಕೆ 14,000 ಆಯಿತು. ಅವರ ಯೋಜನೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಕೊನೆಯ ಸರ್ವಿಸ್. ಏರ್ ಫಿಲ್ಟರು, ಪ್ಲಗ್ಗು ಎಲ್ಲ ಹೊಸದು ಹಾಕುವುದು ಅದರಲ್ಲೇ. ಅದರ ದಿನ ಬರುವುದೂ ನಾಲ್ಕು ವರ್ಷ ಮುಗಿಯುವ ಹೊತ್ತಿಗೇ. ಮಗಳ ಪರೀಕ್ಷೆ ಅಂತ ಅವರು ಎರಡು ವಾರ ತಡವಾಗಿ ಹೋದರು. “ಯೋಜನೆ ಮುಗಿದಿದೆ ಮೇಡಂ” ಅಂತ ಹೇಳಿ ಪೂರ್ತಿ ಬಿಲ್ಲು ಕೊಟ್ಟರು. ಕರಾರಿನ ಪ್ರಕಾರ ಅದು ಸರಿಯೇ. ಆದರೆ ಕೊನೆಯ ದಿನ ಯಾವುದು ಅಂತ ಒಂದು ಫೋನು, ಒಂದು ಚೀಟಿ ಮೊದಲೇ ಬಂದಿದ್ದರೆ ಆ ಹಣ ಉಳಿಯುತ್ತಿತ್ತು.

ಇದಕ್ಕೆ ವಿರುದ್ಧವಾದದ್ದು ಬನಹಟ್ಟಿಯ ಒಂದು ಸೀರೆ ವ್ಯಾಪಾರಿ ಮನೆಯದು. ಇಳಕಲ್ಲು, ಸೊಲ್ಲಾಪುರ, ಹುಬ್ಬಳ್ಳಿ ಅಂತ ಅವರ ಗಾಡಿ ವರ್ಷಕ್ಕೆ 25,000 ಕಿ.ಮೀ. ಓಡುತ್ತದೆ. 40,000 ಕಿ.ಮೀ. ಮುಗಿಯಲು ಎರಡು ವರ್ಷವೂ ಬೇಕಾಗಲಿಲ್ಲ. ‘ನಾಕು ವರ್ಷ ಚಿಂತಿ ಇಲ್ಲ’ ಅಂದ ಮಾತು ಹತ್ತೊಂಬತ್ತೇ ತಿಂಗಳಿಗೆ ಮುಗಿಯಿತು. ಅವರಿಗೆ ಸಿಗಬೇಕಾದ ನಾಲ್ಕು ಸರ್ವಿಸ್ ಸಿಕ್ಕಿವೆ, ಅದರಲ್ಲಿ ಮೋಸವಿಲ್ಲ. ಆದರೆ ಕೊಂಡದ್ದು ನಾಲ್ಕು ವರ್ಷವನ್ನಲ್ಲ, ನಾಲ್ಕು ಸರ್ವಿಸನ್ನು. ಈ ವ್ಯತ್ಯಾಸ ಹೇಳುವವರು ಯಾರೂ ಇರಲಿಲ್ಲ.

ಇನ್ನೊಂದು ಕಟ್ಟುಪಾಡು. ಕೆಲವು ಯೋಜನೆಗಳಲ್ಲಿ ಸರ್ವಿಸಿನ ದಿನಕ್ಕೆ ಇಷ್ಟು ದಿನ ಹಿಂದೆ, ಇಷ್ಟು ದಿನ ಮುಂದೆ ಅಂತ ಗಡುವು ಇರುತ್ತದೆ. ಗಡುವು ತಪ್ಪಿದರೆ ಆ ಸಲದ ಸರ್ವಿಸ್ ಹೋಯಿತು. ಹಣ ಮರಳುವುದಿಲ್ಲ, ಮುಂದಕ್ಕೂ ಸೇರುವುದಿಲ್ಲ.

‘ಐ’ ಅಂದರೇನು, ‘ಆರ್’ ಅಂದರೇನು

ಕಾರಿನ ಜೊತೆ ಒಂದು ದಪ್ಪ ಪುಸ್ತಕ ಕೊಡುತ್ತಾರೆ. ಬಹಳ ಮನೆಗಳಲ್ಲಿ ಅದು ಗಾಡಿಯ ಖಾನೆಯಲ್ಲೇ ಪ್ಲಾಸ್ಟಿಕ್ ಚೀಲ ಬಿಚ್ಚದೆ ಕೂತಿರುತ್ತದೆ. ಅದರಲ್ಲಿ ಸರ್ವಿಸಿನ ಒಂದು ಪಟ್ಟಿ ಇರುತ್ತದೆ, ಪಂಚಾಂಗದ ಹಾಗೆ ಮನೆಮನೆ ಗೆರೆ ಎಳೆದಿರುತ್ತದೆ. ಒಂದೊಂದು ಮನೆಯಲ್ಲಿ ಇಂಗ್ಲಿಷಿನ ‘ಐ’ ಅಥವಾ ‘ಆರ್’ ಅಕ್ಷರ. ಬಹುಪಾಲು ಪುಸ್ತಕಗಳಲ್ಲಿ ‘ಐ’ ಅಂದರೆ ಪರೀಕ್ಷೆ ಮಾಡುವುದು, ಬೇಕಾದರೆ ಝಾಡಿಸಿ ಸ್ವಚ್ಛ ಮಾಡುವುದು. ‘ಆರ್’ ಅಂದರೆ ತೆಗೆದು ಹೊಸದು ಹಾಕುವುದು. ಮುಂಗಡ ಯೋಜನೆ ಸಾಮಾನ್ಯವಾಗಿ ಈ ಪಟ್ಟಿಯನ್ನೇ ನಂಬಿ ನಡೆಯುತ್ತದೆ. ‘ಐ’ ಇದ್ದ ಕಡೆ ಹೊಸದು ಹಾಕಬೇಕಾಗಿ ಬಂದರೆ ಹಣ ನಮ್ಮದು.

ನಮ್ಮ ಸೀಮೆಯವರಿಗೆ ಇದು ಬಹಳ ಮುಖ್ಯ. ಅನೇಕ ಕಾರುಗಳಲ್ಲಿ ಏರ್ ಫಿಲ್ಟರು 30–40 ಸಾವಿರ ಕಿ.ಮೀ. ಆದ ಮೇಲೆ ಬದಲಿಸಿದರೆ ಸಾಕು ಅಂತ ಪಟ್ಟಿ ಹೇಳುತ್ತದೆ. ಅದು ಡಾಂಬರು ರಸ್ತೆಯ ಊರಿನ ಲೆಕ್ಕ. ನಮ್ಮಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾದರೆ ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಬಾಡಗಂಡಿ ಕಡೆಯ ರಸ್ತೆಯಲ್ಲಿ ಹಗಲೂ ರಾತ್ರಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಕರಿಮಣ್ಣಿನ ಧೂಳು ಹೊಗೆಯಂತೆ ಏಳುತ್ತದೆ. ಒಣಹಾಕಿದ ಹಪ್ಪಳದ ಮೇಲೇ ಅರ್ಧ ದಿನದಲ್ಲಿ ಒಂದು ಪದರ ಕೂಡುತ್ತದೆ, ಇನ್ನು ಗಾಡಿಯ ಮೂಗಿಗೆ ಕೂಡದೇ ಬಿಟ್ಟೀತೇ? ಅದೇ ಪುಸ್ತಕದಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಪುಟ ಇರುತ್ತದೆ. ಧೂಳಿನ ದಾರಿ, ಸಣ್ಣ ಸಣ್ಣ ಓಡಾಟ, ಭಾರ ಎಳೆಯುವುದು ಇದ್ದರೆ ಎಣ್ಣೆ, ಫಿಲ್ಟರು ಬೇಗ ಬದಲಿಸಬೇಕು ಅಂತ ಕಂಪನಿಯೇ ಅಲ್ಲಿ ಹೇಳಿರುತ್ತದೆ. ಆದರೆ ಯೋಜನೆ ಸಾಧಾರಣ ಬಳಕೆಯ ಪಟ್ಟಿಗೆ ಮಾತ್ರ ಇದ್ದರೆ, ನಮ್ಮ ಧೂಳಿನ ಖರ್ಚು ಅದರ ಹೊರಗೆ ಉಳಿಯಿತು.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ಡೀಲರ ಹೆಸರು ಬೇಡ. “ಇನ್ನೇನೂ ಕೊಡೂದಿಲ್ರಿ” ಅಂತ ಹೇಳಿ ಯೋಜನೆ ಮಾರಿದ್ದರು. ಎರಡನೇ ವರ್ಷದ ಸರ್ವಿಸಿಗೆ ಗಾಡಿ ಬಿಟ್ಟಾಗ ಸಂಜೆ 3,460 ರೂ. ಬಿಲ್ಲು ಬಂತು. ಕಾಗದ, ಪುಸ್ತಕ ಎರಡನ್ನೂ ನಾನು ಚೀಲದಲ್ಲಿ ಒಯ್ದಿದ್ದೆ. ಒಂದೊಂದೇ ಸಾಲು ಕೇಳಿದೆ. ಏರ್ ಫಿಲ್ಟರು ಪಟ್ಟಿಯಲ್ಲಿ ‘ಐ’ ಇತ್ತು, ಕೊಡಬೇಕಾಯಿತು. ವೈಪರಿನ ರಬ್ಬರು ಸವೆಯುವ ಭಾಗ, ಅದನ್ನೂ ಕೊಟ್ಟೆವು. ಆದರೆ ‘ಎ.ಸಿ. ಶುದ್ಧೀಕರಣ’ ಅಂತ ಒಂದು ಸಾಲಿತ್ತು. ಅದು ಪುಸ್ತಕದಲ್ಲೂ ಇಲ್ಲ, ನಾವು ಮಾಡಿ ಅಂತ ಹೇಳಿಯೂ ಇಲ್ಲ. “ಎಲ್ಲಿ ಬರದದ ತೋರಸ್ರಿ” ಅಂದೆ. ಮ್ಯಾನೇಜರು ಕಾಗದ ತಿರುವಿ ನೋಡಿ ಆ ಸಾಲು ಹೊಡೆದುಹಾಕಿದರು. ಅಲ್ಲಿ ಯಾರೂ ಜಗಳ ಮಾಡಲಿಲ್ಲ, ದನಿ ಏರಿಸಲಿಲ್ಲ. ಕಾಗದ ಕೈಯಲ್ಲಿ ಇತ್ತು, ಅಷ್ಟೇ.

ಅಂದಹಾಗೆ, ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಕ್ಲಚ್ಚು, ಬಲ್ಬು ಇವು ಬಹಳಷ್ಟು ಸಾದಾ ಯೋಜನೆಗಳ ಹೊರಗಿರುತ್ತವೆ. ಕೆಲವು ದುಬಾರಿ ಯೋಜನೆಗಳಲ್ಲಿ ಬ್ರೇಕು, ಕ್ಲಚ್ಚು ಸೇರಿರುವುದುಂಟು. ಅಲ್ಲೂ ‘ಒಂದೇ ಸಲ’ ಎಂಬ ಮಿತಿ ಇದೆಯೋ ಅಂತ ನೋಡಿ. ಎಣ್ಣೆ ‘ಬದಲಿಸುವುದು’ ಬೇರೆ, ಕಮ್ಮಿಯಾದಾಗ ‘ತುಂಬುವುದು’ ಬೇರೆ, ಅದನ್ನೂ ಕೇಳಿ.

ದಾರಿಯ ಲೆಕ್ಕ

ಯೋಜನೆ ಎಲ್ಲೆಲ್ಲಿ ನಡೆಯುತ್ತದೆ ಅನ್ನುವುದು ನಮ್ಮಂಥ ಸಣ್ಣ ಊರಿನವರ ದೊಡ್ಡ ಪ್ರಶ್ನೆ. ಯೋಜನೆಯಲ್ಲಿ ಎರಡು ಬಗೆ. ಕಂಪನಿಯ ಹೆಸರಿನದಾದರೆ ಸಾಮಾನ್ಯವಾಗಿ ಅದೇ ಕಂಪನಿಯ ಅಧಿಕೃತ ವರ್ಕ್‌ಶಾಪು ಯಾವ ಊರಲ್ಲಿದ್ದರೂ ನಡೆಯುತ್ತದೆ. ಡೀಲರು ತಾನೇ ಮಾಡಿ ಮಾರಿದ್ದಾದರೆ ಅವನ ವರ್ಕ್‌ಶಾಪಿನಲ್ಲಿ ಮಾತ್ರ. ಜಮಖಂಡಿಯವರು ವಿಜಯಪುರದ ಡೀಲರ ಯೋಜನೆ ಕೊಂಡರೆ, ಊರಲ್ಲೇ ಅದೇ ಕಂಪನಿಯ ಸಣ್ಣ ವರ್ಕ್‌ಶಾಪು ಇದ್ದರೂ ಪ್ರತಿ ಸಲ ವಿಜಯಪುರಕ್ಕೇ ಹೋಗಬೇಕಾದೀತು. ಹೋಗಿ ಬರಲು ಸುಮಾರು 120 ಕಿ.ಮೀ. ಲೀಟರಿಗೆ 15 ಕಿ.ಮೀ. ಅಂದರೂ 8 ಲೀಟರು ಪೆಟ್ರೋಲು, 800 ರೂ.ಗೆ ಮೇಲೆ. ಮನೆಯವರ ಒಂದು ದಿನದ ಕೆಲಸ ಹಾಳು. ‘ಗಾಡಿ ನಾವೇ ಒಯ್ದು ತಂದು ಬಿಡುತ್ತೇವೆ’ ಅಂದರೆ ಎಷ್ಟು ಕಿ.ಮೀ. ಒಳಗೆ ಅಂತ ಕೇಳಿ. ಆ ಸೌಕರ್ಯ ಬಹಳ ಕಡೆ ಪೇಟೆಯ ಒಳಗೆ ಮಾತ್ರ.

ಡೀಲರು ಅಂಗಡಿ ಮುಚ್ಚಿದರೆ? ಅದೂ ಆಗುವ ಮಾತೇ. ಷೆವ್ರೊಲೆ ಕಾರಿನ ಜನರಲ್ ಮೋಟರ್ಸ್ ಕಂಪನಿ 2017ರ ಕೊನೆಗೆ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂತ ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಸರ್ವಿಸ್ ಮುಂದುವರಿಸುತ್ತೇವೆ ಅಂತ ಎರಡೂ ಕಂಪನಿಗಳು ಮಾತು ಕೊಟ್ಟವು. ಆದರೆ ಹತ್ತಿರದ ಷೋರೂಮು ಮುಚ್ಚಿದ ಮೇಲೆ ದಾರಿ ಉದ್ದವಾಗುವುದು ಗಿರಾಕಿಗೇ. ಆದ್ದರಿಂದ ರಶೀದಿಯ ಮೇಲೆ ಯಾರ ಮುದ್ರೆ ಇದೆ, ಕಂಪನಿಯದೋ ಡೀಲರದೋ, ಅನ್ನುವುದನ್ನು ಮೊದಲು ನೋಡಿ.

ಊರಿನ ಮೇಸ್ತ್ರಿ ಮುಟ್ಟಿದರೆ

“ಹೊರಗಿನ ಗ್ಯಾರೇಜಿಗೆ ಒಯ್ದರ ವಾರಂಟಿ ಹೋಗತೈತ್ರಿ” ಅಂತ ಹೆದರಿಸುವುದುಂಟು. ಈ ಬಗ್ಗೆ ಒಂದು ದೊಡ್ಡ ಪ್ರಕರಣವೇ ನಡೆದಿದೆ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬವರು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪನಿಗಳು ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕುತ್ತಿವೆ ಅನ್ನುವುದು ದೂರು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂ.ಗೂ ಹೆಚ್ಚು ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಅನ್ನಬಾರದು, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತಲೂ ಹೇಳಿತು. ಕಂಪನಿಗಳು ಮೇಲಿನ ನ್ಯಾಯಾಲಯಗಳಿಗೆ ಹೋದವು. ಹಾಗಾಗಿ ಇದೊಂದನ್ನೇ ನೆಚ್ಚಿ ಕೂರುವುದು ಬೇಡ. ಆದರೆ ಹೆದರಿಕೆಯ ಮಾತನ್ನು ಕಣ್ಣುಮುಚ್ಚಿ ನಂಬಬೇಕಾಗಿಯೂ ಇಲ್ಲ. ‘ಯಾವ ಕರಾರು, ತೋರಿಸಿ’ ಅಂತ ಕೇಳಬಹುದು.

ಮುಂಗಡ ಯೋಜನೆಯ ಮಾತು ಮಾತ್ರ ಬೇರೆ. ಹಣ ಅವರ ಕೈಯಲ್ಲಿದೆ, ಕೆಲಸ ಅವರ ಹತ್ತಿರವೇ ಆಗಬೇಕು. ತುರ್ತಾಗಿ ಊರಿನ ಮೇಸ್ತ್ರಿಯ ಹತ್ತಿರ ಎಣ್ಣೆ ಬದಲಿಸಿದರೆ ಆ ಖರ್ಚನ್ನು ಯೋಜನೆಯಿಂದ ಮರಳಿಸುವುದಿಲ್ಲ.

ಸಾಲದಲ್ಲಿ ಸೇರಿಕೊಂಡ ಯೋಜನೆ

ಕಾರಿನ ದರದ ಚೀಟಿಯಲ್ಲಿ ಕಾರಿನ ಬೆಲೆ, ನೋಂದಣಿ, ವಿಮೆ, ಬಿಡಿ ಸಾಮಾನು ಎಲ್ಲ ಸೇರಿ ಒಂದೇ ಮೊತ್ತ ಬರೆದಿರುತ್ತಾರೆ. ಮುಂಗಡ ಸರ್ವಿಸಿನ ಹಣವೂ ಅದರಲ್ಲೇ ಸದ್ದಿಲ್ಲದೆ ಕೂತಿರಬಹುದು. ಇಡೀ ಮೊತ್ತಕ್ಕೆ ಸಾಲ ತೆಗೆದರೆ ಸರ್ವಿಸಿಗೂ ಬಡ್ಡಿ ಕಟ್ಟಿದಂತಾಯಿತು.

ಒಂದು ಲೆಕ್ಕ ನೋಡಿ. ಯೋಜನೆಯ ಬೆಲೆ 20,000 ರೂ. ಅಂತ ಇಟ್ಟುಕೊಳ್ಳೋಣ. ಅದನ್ನು ಶೇ. 10ರ ಬಡ್ಡಿಗೆ 5 ವರ್ಷದ ಸಾಲದಲ್ಲಿ ಸೇರಿಸಿದರೆ ತಿಂಗಳ ಕಂತಿನಲ್ಲಿ ಇದರ ಪಾಲು ಸುಮಾರು 425 ರೂ. 60 ಕಂತಿಗೆ ಹತ್ತಿರ ಹತ್ತಿರ 25,500 ರೂ. ಆಯಿತು. ನಾಲ್ಕು ಸರ್ವಿಸನ್ನು ಆಗಾಗ ಹಣ ಕೊಟ್ಟೇ ಮಾಡಿಸಿದ್ದರೆ, ಕ್ರಮವಾಗಿ 3,000, 5,000, 5,000, 8,500 ರೂ. ಅಂದುಕೊಂಡರೂ ಒಟ್ಟು 21,500 ರೂ. ರೊಕ್ಕ ಕೊಟ್ಟು ಕೊಂಡವರಿಗೆ 1,500 ರೂ. ಉಳಿತಾಯ, ಸಾಲದಲ್ಲಿ ಕೊಂಡವರಿಗೆ 4,000 ರೂ. ನಷ್ಟ. ಈ ಅಂಕಿಗಳು ತಿಳುವಳಿಕೆಗೆ ಮಾತ್ರ. ನಿಮ್ಮ ಕಾರಿನ ಒಂದೊಂದು ಸರ್ವಿಸಿಗೆ ಎಷ್ಟಾಗುತ್ತದೆ ಅಂತ ವರ್ಕ್‌ಶಾಪಿನಲ್ಲಿ ಕೇಳಿದರೆ ಹೇಳುತ್ತಾರೆ. ಅದನ್ನು ಬರೆದುಕೊಂಡು ನೀವೇ ಕೂಡಿಸಿ. ಮೊದಲ ಸರ್ವಿಸುಗಳ ಕೂಲಿ ಹೇಗೂ ಉಚಿತ, ಅದನ್ನು ಎರಡು ಸಲ ಎಣಿಸಬೇಡಿ. ಹೇಳಿದ ಬೆಲೆಯಲ್ಲಿ ಜಿ.ಎಸ್.ಟಿ. ಸೇರಿದೆಯೋ ಇಲ್ಲವೋ ಕೇಳಿ.

ಯೋಜನೆ ಬೇಡವೆಂದರೆ ಇನ್ನೊಂದು ದಾರಿ ಇದೆ. ಬ್ಯಾಂಕಿನಲ್ಲಿ ತಿಂಗಳಿಗೆ 500 ರೂ.ಗಳ ಒಂದು ವರ್ಷದ ಆರ್.ಡಿ. ಮಾಡಿ. ಸರ್ವಿಸಿನ ಹೊತ್ತಿಗೆ 6,000 ರೂ., ಮೇಲೆ ಬಡ್ಡಿ ಕೈಗೆ ಬರುತ್ತದೆ. ಗಾಡಿ ಮಾರಿದರೂ ಹಣ ಹಣವಾಗಿಯೇ ಇರುತ್ತದೆ.

ಗಾಡಿ ಮಾರಿದರೆ, ಕಳೆದುಹೋದರೆ

ನಾಲ್ಕು ವರ್ಷ ಬಹಳ ದೀರ್ಘ ಕಾಲ. ಮಗಳ ಮದುವೆಗೆ ಅಂತ ಎರಡೇ ವರ್ಷಕ್ಕೆ ಕಾರು ಮಾರಬೇಕಾಗಿ ಬರಬಹುದು. ಉಳಿದ ಸರ್ವಿಸ್ ಕೊಂಡವರ ಹೆಸರಿಗೆ ಹೋಗುತ್ತದೆಯೇ? ಕೆಲವು ಯೋಜನೆಯಲ್ಲಿ ಹೋಗುತ್ತದೆ, ಕೆಲವದರಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಹೋಗುತ್ತದೆ, ಕೆಲವದರಲ್ಲಿ ಅಲ್ಲಿಗೇ ಮುಗಿಯಿತು. ಹೋಗುವುದಾದರೆ ಮಾರುವಾಗ ಅದರ ಬೆಲೆಯನ್ನೂ ಸೇರಿಸಿ ಕೇಳಬಹುದು. ಕಾರು ಕಳವಾದರೆ, ಅಪಘಾತದಲ್ಲಿ ಪೂರ್ತಿ ಹಾಳಾದರೆ ಉಳಿದ ಹಣ ಮರಳಿಸುತ್ತಾರೆಯೇ ಅನ್ನುವುದನ್ನೂ ಕಾಗದದಲ್ಲೇ ನೋಡಬೇಕು.

ಸಹಿಗೆ ಮೊದಲು ಕೇಳಬೇಕಾದ ಹತ್ತು ಮಾತು

ಈ ಪುಟ ಕತ್ತರಿಸಿ ಇಟ್ಟುಕೊಳ್ಳಿ, ಷೋರೂಮಿಗೆ ಹೋಗುವಾಗ ಜೊತೆಗಿರಲಿ.

1. ಈ ಯೋಜನೆ ಕಂಪನಿಯದೋ, ಡೀಲರದೋ?
2. ಒಟ್ಟು ಎಷ್ಟು ಸರ್ವಿಸ್? ಕೊನೆಯ ದಿನ ಯಾವುದು, ಕೊನೆಯ ಕಿ.ಮೀ. ಎಷ್ಟು?
3. ಸರ್ವಿಸಿಗೆ ಎಷ್ಟು ದಿನ ಹಿಂದುಮುಂದು ಆದರೆ ನಡೆಯುತ್ತದೆ?
4. ಒಂದೊಂದು ಸರ್ವಿಸಿನಲ್ಲಿ ಹೊಸದಾಗಿ ಹಾಕುವ ಭಾಗ ಯಾವ ಯಾವುದು?
5. ಧೂಳಿನಿಂದ ಫಿಲ್ಟರು ಬೇಗ ಕೆಟ್ಟರೆ ಯೋಜನೆಯಲ್ಲಿ ಬರುತ್ತದೆಯೇ?
6. ನಮ್ಮ ಊರಿಗೆ ಹತ್ತಿರದ ಯಾವ ವರ್ಕ್‌ಶಾಪಿನಲ್ಲಿ ನಡೆಯುತ್ತದೆ?
7. ಬೆಲೆಯಲ್ಲಿ ತೆರಿಗೆ ಸೇರಿದೆಯೇ? ಸಾಲದ ಮೊತ್ತದಲ್ಲಿ ಸೇರಿಸಿದ್ದೀರಾ?
8. ಯೋಜನೆ ಕೊಳ್ಳದಿದ್ದರೆ ಕಾರಿನ ಬೆಲೆ ಎಷ್ಟು?
9. ಮಾರಿದರೆ ಹೆಸರು ಬದಲಾಗುತ್ತದೆಯೇ? ಶುಲ್ಕ ಎಷ್ಟು?
10. ನಡುವೆ ಬೇಡವಾದರೆ, ಗಾಡಿ ಹೋದರೆ ಹಣ ಎಷ್ಟು ಮರಳುತ್ತದೆ?

ಉತ್ತರಗಳನ್ನು ಬಾಯಲ್ಲಿ ಕೇಳಿ ಬಿಡಬೇಡಿ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಸಿ, ಷೋರೂಮಿನ ಸಹಿ, ಸಿಕ್ಕೆ ಹಾಕಿಸಿಕೊಳ್ಳಿ. “ಬರೆದುಕೊಡಲು ಬರುವುದಿಲ್ಲ” ಅಂದರೆ, ಸಹಿ ಮಾಡಲು ನಮಗೂ ಬರುವುದಿಲ್ಲ ಅಂತ ಹೇಳಿ. ಈ ಯೋಜನೆ ಕೊಳ್ಳಲೇಬೇಕೆಂಬ ಕಾನೂನು ಯಾವುದೂ ಇಲ್ಲ. ಕಾರು ಕೊಂಡ ಮೇಲೆ ಸ್ವಲ್ಪ ದಿನ ಬಿಟ್ಟು ಕೊಳ್ಳಲು ಅವಕಾಶ ಇದೆಯೇ ಅಂತಲೂ ವಿಚಾರಿಸಿ. ಇದ್ದರೆ ಮನೆಗೆ ಬಂದು ಓದಿ, ಕಲಿತ ಮಕ್ಕಳಿಂದ ಓದಿಸಿ ತೀರ್ಮಾನ ಮಾಡಬಹುದು.

ಮಾತು ತಪ್ಪಿದರೆ ಎಲ್ಲಿಗೆ ಹೋಗಬೇಕು

ನಮ್ಮ ಬೆನ್ನಿಗೆ ಕಾನೂನು ಇದೆ. 1986ರಲ್ಲಿ ಬಂದ ಗ್ರಾಹಕರ ಕಾಯ್ದೆಯ ಜಾಗದಲ್ಲಿ ಹೊಸದಾದ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈ 20ರಿಂದ. ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ಗ್ರಾಹಕರಿಂದ ಮುಚ್ಚಿಡುವುದು ಸಹ ಸೇವೆಯ ನ್ಯೂನತೆ ಅಂತ ಆ ಕಾಯ್ದೆ ಹೇಳುತ್ತದೆ. ಅಂದರೆ ಕೆಲಸ ಕೆಟ್ಟದಾಗಿ ಮಾಡಿದರೆ ಮಾತ್ರ ತಪ್ಪಲ್ಲ, ಕಟ್ಟುಪಾಡು ಬಚ್ಚಿಟ್ಟು ಮಾರಿದರೂ ತಪ್ಪೇ.

ಮೊದಲು ಡೀಲರಿಗೂ ಕಂಪನಿಗೂ ಬರಹದಲ್ಲಿ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ಆಗದಿದ್ದರೆ 1915 ಅಂಕೆಗೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗೆಹರಿಯದಿದ್ದರೆ ಬಾಗಲಕೋಟೆಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಡೀಲರು ಬೆಳಗಾವಿಯಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಲು ಹೊಸ ಕಾಯ್ದೆಯಲ್ಲಿ ಅವಕಾಶ ಇದೆ. ಕೊಟ್ಟ ಬೆಲೆ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಆದರೆ ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ದೂರು ಕೊಡಬೇಕು.

ದೂರಿಗೆ ಬೇಕಾದದ್ದು ಪುರಾವೆ. ದರದ ಚೀಟಿ, ಯೋಜನೆಯ ಕಾಗದ, ಹಣ ಕಟ್ಟಿದ ರಶೀದಿ, ಪ್ರತಿ ಸಲದ ಜಾಬ್ ಕಾರ್ಡು ಮತ್ತು ಬಿಲ್ಲು, ವಾಟ್ಸಾಪಿನಲ್ಲಿ ಅವರು ಕಳಿಸಿದ ಸಂದೇಶ, ಇವೆಲ್ಲವನ್ನೂ ಒಂದೇ ಕಡತದಲ್ಲಿ ಇಡಿ. ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನ ಮೇಲೆ ‘ಯೋಜನೆಯ ಹೊರಗಿನ ಕೆಲಸವನ್ನು ನಮ್ಮನ್ನು ಕೇಳದೆ ಮಾಡಬಾರದು’ ಅಂತ ಒಂದು ಸಾಲು ಬರೆಸಿ. ಈ ಒಂದು ಸಾಲಿನಿಂದ ಎಷ್ಟೋ ತಕರಾರು ತಪ್ಪುತ್ತದೆ.

ಯಾರಿಗೆ ಸರಿ, ಯಾರಿಗೆ ಬೇಡ

ವರ್ಷಕ್ಕೆ ಏಳೆಂಟು ಸಾವಿರ ಕಿ.ಮೀ.ಗಿಂತ ಹೆಚ್ಚು ಓಡುವ, ವರ್ಕ್‌ಶಾಪು ಹತ್ತಿರವೇ ಇರುವ, ಕಾರನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವ, ಹಣ ಸಾಲದಿಂದ ತೆಗೆಯದೆ ಕೈಯಿಂದ ಕೊಡುವ ಮನೆಗೆ ಕಂಪನಿಯ ಹೆಸರಿನ ಯೋಜನೆ ಒಳ್ಳೆಯದೇ ಆದೀತು. ಕಡಿಮೆ ಓಡುವ, ವರ್ಕ್‌ಶಾಪು ದೂರ ಇರುವ, ಸಾಲದ ಕಂತಿನಲ್ಲಿ ಕೊಳ್ಳುವ ಮನೆಯವರು ಎರಡು ಸಲ ಯೋಚಿಸಬೇಕು. ಈಗಾಗಲೇ ಕೊಂಡವರು ಇವತ್ತೇ ಕಾಗದ ಹೊರಗೆ ತೆಗೆದು ಕೊನೆಯ ದಿನ ಯಾವುದು ನೋಡಿ, ಅದಕ್ಕೆ ಒಂದು ತಿಂಗಳ ಹಿಂದಿನ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಿಲಿಂಡರಿನ ದಿನಾಂಕ, ಹಾಲಿನ ಲೆಕ್ಕ ಬರೆದಿಡುವ ನಮಗೆ ಇದೇನೂ ದೊಡ್ಡ ಕೆಲಸವಲ್ಲ.

ಸೋದರಿಯರಿಗೆ ಇಂಥ ಯೋಜನೆಗಳಿಂದ ಆದ ಲಾಭವೋ ತೊಂದರೆಯೋ ಇದ್ದರೆ ಬರೆದು ತಿಳಿಸಿ. ಒಬ್ಬರ ಅನುಭವ ಹತ್ತು ಮನೆಗೆ ಉಪಯೋಗವಾದೀತು.